ಅಪ್‌ಡೇಟ್: 4 ಜಿಬಿ ಲ್ಯಾಪ್‌ಟಾಪ್‌ಗೆ ಯಾವ ಬ್ರೌಸರ್? ಕೊನೆಗೆ ಆಗಿದ್ದು ಇದು

ಹತ್ತು ಟ್ಯಾಬ್ ತೆರೆದರೆ ನನ್ನ ಹಳೇ ಲ್ಯಾಪ್‌ಟಾಪ್‌ನ ಫ್ಯಾನ್ ಮಿಕ್ಸಿ ತರ ಕೂಗುತ್ತದೆ, ಬ್ರೌಸರ್ ಬದಲಿಸಲಾ ಅಂತ ಹೋದ ವಾರ ಕೇಳಿದ್ದೆ.

ನೀವು ಹೇಳಿದ ಹಾಗೆ ಬ್ರೇವ್, ಎಡ್ಜ್ ಎರಡನ್ನೂ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಕ್ರೋಮ್ ಸೇರಿ ಮೂರರ ಒಳಗೂ ಇರುವುದು ಒಂದೇ ಕ್ರೋಮಿಯಂ, ಅಂದ್ರೆ ಬ್ರೌಸರ್ ಕಟ್ಟಲು ಬಳಸುವ ಮೂಲ ತಂತ್ರಾಂಶ ಅಂತ ಆಮೇಲೆ ಗೊತ್ತಾಯ್ತು. ಸಾಲದ್ದಕ್ಕೆ ಬುಕ್‌ಮಾರ್ಕ್ ಜೊತೆ ಹಳೇ ಎಕ್ಸ್‌ಟೆನ್ಶನ್‌ಗಳನ್ನೂ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ನಾನೇ ಹೊತ್ತುಕೊಂಡು ಬಂದಿದ್ದೆ!

ಕೆಲಸಕ್ಕೆ ಬಂದಿದ್ದು "ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ" ಅನ್ನುವ ಒಂದೇ ಸಾಲಿನ ಸಲಹೆ. ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯಿತು. ಮೆಮೊರಿ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಎಲ್ಲಕ್ಕಿಂತ ಮೇಲೆ ಕೂತಿತ್ತು, ಯಾವಾಗಲೋ ಹಾಕಿ ಮರೆತಿದ್ದ ಕೂಪನ್ ಹುಡುಕುವ ಎಕ್ಸ್‌ಟೆನ್ಶನ್. ಒಂದಕ್ಕೇ 600 ಎಂಬಿ! ಕಿತ್ತು ಹಾಕಿದೆ, ಫ್ಯಾನ್ ತೆಪ್ಪಗಾಯ್ತು.

ಆದರೂ ಈಗ ಫೈರ್‌ಫಾಕ್ಸ್‌ಗೆ ಬಂದಿದ್ದೇನೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಯುಬ್ಲಾಕ್ ಒರಿಜಿನ್ ಇದರಲ್ಲಿ ಪೂರ್ತಿ ನಡೆಯುತ್ತದೆ, ಕ್ರೋಮ್‌ನಲ್ಲಿ ಲೈಟ್ ಆವೃತ್ತಿ ಮಾತ್ರ.

ಎಡ್ಜ್ ಮಾತ್ರ ಅಮ್ಮನ ಪಾಲಾಯ್ತು. ರೀಡ್ ಅಲೌಡ್ ಒತ್ತಿದರೆ ಕನ್ನಡ ಪುಟವನ್ನೂ ಓದಿ ಹೇಳುತ್ತದೆ. ಬೀನ್ಸ್ ಸೋಸುತ್ತಾ ಸುದ್ದಿ ಕೇಳುತ್ತಾರೆ, ಅದರ ಉಚ್ಚಾರ ತಪ್ಪಿದರೆ ತಿದ್ದುತ್ತಾರೆ ಕೂಡ.