ಸೈಡ್‌ಕಿಕ್: ಬಟವಾಡೆಯ ದಿನ ಎಸ್‌ಎಂಎಸ್‌ಗಳು ತಡವಾಗುತ್ತಿವೆ, ಡಿಪ್ಲಾಯ್ ಆದಾಗ ಕೆಲವು ಜಾಬ್‌ಗಳು ಕಾಣೆಯಾಗುತ್ತಿವೆ

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಾಲು ಉತ್ಪಾದಕರ ಸಹಕಾರ ಸಂಘಗಳು ಬಳಸುವ, ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನಲ್ಲಿ ಬರೆದ ಒಂದು ಅಪ್ಲಿಕೇಶನ್ ಅನ್ನು ನಾವು ಮೂವರು ನೋಡಿಕೊಳ್ಳುತ್ತಿದ್ದೇವೆ. ರೈತರು ಡೈರಿಗೆ ಹಾಲು ಹಾಕಿದ ಕೂಡಲೇ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಮತ್ತು ದರದ ವಿವರ ಅವರ ಮೊಬೈಲಿಗೆ ಎಸ್‌ಎಂಎಸ್ ಆಗಿ ಹೋಗಬೇಕು. ಹದಿನೈದು ದಿನಕ್ಕೊಮ್ಮೆ, ಬಟವಾಡೆಯ ಹಿಂದಿನ ರಾತ್ರಿ, ಪ್ರತಿ ಸದಸ್ಯರ ಹೆಸರಿನಲ್ಲಿ ಒಂದು ಪಿಡಿಎಫ್ ಬಿಲ್ ತಯಾರಾಗಬೇಕು. ಎರಡನ್ನೂ, ಹಿನ್ನೆಲೆಯಲ್ಲಿ ಕೆಲಸಗಳನ್ನು ನಡೆಸುವ ಸೈಡ್‌ಕಿಕ್ 7ರ ಜಾಬ್‌ಗಳಾಗಿ ಬರೆದಿದ್ದೇವೆ. ಎರಡೂ ಡೀಫಾಲ್ಟ್ ಎಂಬ ಒಂದೇ ಕ್ಯೂನಲ್ಲಿ, ಅಂದರೆ ಸರದಿ ಸಾಲಿನಲ್ಲಿ, ಇವೆ. ಅದನ್ನು ಓದುವುದು ಒಂದೇ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂನ ಒಂದು ಪ್ರತಿ).

ಬೆಳಿಗ್ಗೆ 6:30ರಿಂದ 8:30ರ ಒಳಗೆ ಸುಮಾರು 18,000 ಎಸ್‌ಎಂಎಸ್‌ಗಳು ಹೋಗುತ್ತವೆ, ಒಂದೊಂದಕ್ಕೆ ಸರಾಸರಿ 0.8 ಸೆಕೆಂಡು ಬೇಕು. ಬಿಲ್‌ಗಳು 9,000. ಬೇರೆ ಯಾವ ಕೆಲಸವೂ ಇಲ್ಲದಿದ್ದಾಗ ಒಂದು ಬಿಲ್‌ಗೆ 6 ಸೆಕೆಂಡು ಹಿಡಿಯುತ್ತದೆ, ಅದರಲ್ಲಿ 5 ಸೆಕೆಂಡು ಪಿಡಿಎಫ್ ತಯಾರಿಸುವ ಪ್ರಾನ್ ಲೈಬ್ರರಿ ಪುಟಗಳನ್ನು ರಚಿಸುವುದಕ್ಕೇ ಹೋಗುತ್ತದೆ. ಸರ್ವರ್‌ನಲ್ಲಿ 4 ಕೋರ್ ಮತ್ತು 8 ಜಿಬಿ ಮೆಮೊರಿ ಇದೆ.

ತೊಂದರೆಗಳು ಮೂರು. ಬಿಲ್ ತಯಾರಾಗುವ ರಾತ್ರಿಯ ಮರುದಿನ ಬೆಳಗಿನ ಎಸ್‌ಎಂಎಸ್‌ಗಳು ಗಂಟೆಗಟ್ಟಲೆ ತಡವಾಗುತ್ತವೆ. ಪ್ರೊಸೆಸ್‌ನೊಳಗೆ ಒಟ್ಟೊಟ್ಟಿಗೆ ಜಾಬ್ ನಡೆಸುವ ಥ್ರೆಡ್‌ಗಳ ಸಂಖ್ಯೆಯನ್ನು 10ರಿಂದ 25ಕ್ಕೆ ಏರಿಸಿದ ಮೇಲೆ ಪರಿಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿತು. ಎರಡನೆಯದಾಗಿ, ಡಾಕರ್ ಕಂಪೋಸ್ (ಅಪ್ಲಿಕೇಶನ್ನನ್ನು ಕಂಟೇನರ್‌ಗಳಲ್ಲಿ ನಡೆಸುವ ಸಾಧನ) ಮೂಲಕ ಹೊಸ ಆವೃತ್ತಿಯನ್ನು ಡಿಪ್ಲಾಯ್ ಮಾಡಿದಾಗಲೆಲ್ಲ ಕೆಲವು ಜಾಬ್‌ಗಳು ಕಾಣೆಯಾಗುತ್ತವೆ. ಅವು ಮತ್ತೆ ಯತ್ನಿಸಬೇಕಾದವುಗಳ ರಿಟ್ರೈ ಪಟ್ಟಿಯಲ್ಲಿಯೂ ಇರುವುದಿಲ್ಲ, ಯತ್ನ ಕೈಬಿಟ್ಟವುಗಳ ಡೆಡ್ ಪಟ್ಟಿಯಲ್ಲಿಯೂ ಇರುವುದಿಲ್ಲ. ಮೂರನೆಯದಾಗಿ, ಕೆಲವು ರೈತರಿಗೆ ಒಂದೇ ಹಾಲಿಗೆ ಎರಡು ಎಸ್‌ಎಂಎಸ್ ಬರುತ್ತದೆ. ಕಳೆದ ವಾರ ಒಬ್ಬ ಹಿರಿಯ ಸದಸ್ಯರು ಎರಡೂ ಸಂದೇಶಗಳನ್ನು ತೋರಿಸಿ, ತಮಗೆ ಎರಡು ಪಟ್ಟು ಹಣ ಬರಬೇಕೆಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿದರಂತೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ನಮ್ಮ ಲೆಕ್ಕವೇ ಅವರಿಗೆ ಹಾಗೆ ಹೇಳಿತ್ತು. ಎಲ್ಲಿಂದ ಸರಿಪಡಿಸಲು ಆರಂಭಿಸಬೇಕು?

ರಾತ್ರಿಪಾಳಿ:

ನೀವು ಅಂಕಿಗಳನ್ನು ಕೊಟ್ಟಿರುವುದರಿಂದ ಮೊದಲ ತೊಂದರೆಯನ್ನು ಲೆಕ್ಕ ಹಾಕಿಯೇ ನೋಡಬಹುದು.

ಬೆಳಗಿನ ಎರಡು ಗಂಟೆಯಲ್ಲಿ 18,000 ಎಂದರೆ ಸೆಕೆಂಡಿಗೆ 2.5 ಸಂದೇಶ. ಜಾನ್ ಲಿಟ್ಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ, ಕೆಲಸ ಬರುವ ವೇಗವನ್ನು ಒಂದು ಕೆಲಸಕ್ಕೆ ಹಿಡಿಯುವ ಕಾಲದಿಂದ ಗುಣಿಸಿದರೆ ಏಕಕಾಲಕ್ಕೆ ನಡೆಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ ಸಿಗುತ್ತದೆ: 2.5ನ್ನು 0.8ರಿಂದ ಗುಣಿಸಿದರೆ 2. ಅಂದರೆ ನಿಮ್ಮ ಎಸ್‌ಎಂಎಸ್‌ಗಳಿಗೆ ಸರಾಸರಿಯಲ್ಲಿ ಬೇಕಿರುವುದು ಎರಡೇ ಥ್ರೆಡ್‌ಗಳು. ಎಸ್‌ಎಂಎಸ್ ರವಾನಿಸುವ ಗೇಟ್‌ವೇ ಸೇವೆ ನಿಧಾನವಾಗಿ ಒಂದು ಸಂದೇಶಕ್ಕೆ 4 ಸೆಕೆಂಡು ಹಿಡಿದರೂ ಸರಾಸರಿಯಲ್ಲಿ ಬೇಕಾಗುವುದು ಹತ್ತೇ ಥ್ರೆಡ್‌ಗಳು. ಹಾಗಾಗಿ ನಿಮಗೆ ಥ್ರೆಡ್‌ಗಳ ಕೊರತೆ ಎಂದೂ ಇರಲಿಲ್ಲ.

ಕೊರತೆ ಇರುವುದು ಬಿಲ್‌ಗಳ ಕಡೆ, ಅದೂ ಥ್ರೆಡ್‌ಗಳದ್ದಲ್ಲ. ಸಾಮಾನ್ಯವಾಗಿ ನಾವೆಲ್ಲ ಬಳಸುವ ಸಿ ರೂಬಿಯಲ್ಲಿ ಒಂದು ಪ್ರೊಸೆಸ್‌ಗೆ ಒಂದೇ ಬೀಗವಿದೆ. ಜಿವಿಎಲ್ ಎಂದು ಕರೆಯುವ ಆ ಬೀಗ ಯಾವ ಥ್ರೆಡ್‌ನ ಕೈಯಲ್ಲಿದೆಯೋ ಅದು ಮಾತ್ರ ರೂಬಿ ಕೋಡನ್ನು ನಡೆಸಬಲ್ಲದು. ಗೇಟ್‌ವೇಯ ಉತ್ತರಕ್ಕೋ ಡೇಟಾಬೇಸ್‌ಗೋ ಕಾಯುವ ಥ್ರೆಡ್ ಬೀಗವನ್ನು ಬಿಟ್ಟುಕೊಡುತ್ತದೆ, ಆದ್ದರಿಂದ ಎಸ್‌ಎಂಎಸ್ ಜಾಬ್‌ಗಳು ಒಂದರ ಪಕ್ಕದಲ್ಲಿ ಒಂದು ಸುಖವಾಗಿ ನಡೆಯುತ್ತವೆ. ಪ್ರಾನ್ ಪೂರ್ತಿಯಾಗಿ ರೂಬಿಯಲ್ಲೇ ಬರೆದ ಲೈಬ್ರರಿ. ಪುಟ ರಚಿಸುವ 5 ಸೆಕೆಂಡುಗಳ ಉದ್ದಕ್ಕೂ ಅದಕ್ಕೆ ಆ ಬೀಗ ಬೇಕು. 9,000 ಬಿಲ್‌ಗಳಿಗೆ 45,000 ಸೆಕೆಂಡು, ಅಂದರೆ ಹನ್ನೆರಡೂವರೆ ಗಂಟೆ. ಒಂದೇ ಪ್ರೊಸೆಸ್‌ನಲ್ಲಿ ಥ್ರೆಡ್‌ಗಳನ್ನು 10 ಮಾಡಿದರೂ 25 ಮಾಡಿದರೂ ಈ ಹನ್ನೆರಡೂವರೆ ಗಂಟೆ ಕಡಿಮೆಯಾಗುವುದಿಲ್ಲ, ಮತ್ತು ನಿಮ್ಮ ನಾಲ್ಕು ಕೋರ್‌ಗಳಲ್ಲಿ ಮೂರು ಅಷ್ಟೂ ಹೊತ್ತು ಹೆಚ್ಚುಕಡಿಮೆ ಖಾಲಿ ಕುಳಿತಿರುತ್ತವೆ.

25 ಮಾಡಿದಾಗ ಹದಗೆಟ್ಟದ್ದಕ್ಕೂ ಇದೇ ಕಾರಣ. ಬೀಗಕ್ಕಾಗಿ ಹಲವು ಥ್ರೆಡ್‌ಗಳು ಕಾಯುತ್ತಿದ್ದರೆ ರೂಬಿ ಒಂದೊಂದಕ್ಕೂ 100 ಮಿಲಿಸೆಕೆಂಡಿನವರೆಗೆ ಸರದಿ ಕೊಡುತ್ತದೆ. ಇಪ್ಪತ್ತನಾಲ್ಕು ಥ್ರೆಡ್‌ಗಳು ಬಿಲ್ ಬರೆಯುತ್ತಿದ್ದು, ಉಳಿದ ಒಂದಕ್ಕೆ ಎಸ್‌ಎಂಎಸ್ ಸಿಕ್ಕಿದರೆ, ಪ್ರತಿ ಬಾರಿ ಬೀಗ ಬೇಕಾದಾಗಲೂ ಅದು ಎರಡು ಸೆಕೆಂಡಿಗೂ ಹೆಚ್ಚು ಕಾಯಬೇಕಾಗಬಹುದು. ಒಂದು ಎಸ್‌ಎಂಎಸ್ ಮುಗಿಯುವುದರೊಳಗೆ ಬೀಗ ಹಲವು ಬಾರಿ ಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಈ ಕಾರಣಕ್ಕಾಗಿಯೇ ಬರಿಯ ಕ್ಯೂಗಳನ್ನು ಬೇರೆ ಮಾಡಿ ಒಂದೇ ಪ್ರೊಸೆಸ್‌ಗೆ ಓದಲು ಕೊಡುವುದು ಅರೆಬರೆ ಪರಿಹಾರ. ಆದ್ಯತೆ ಕೊಟ್ಟರೆ ಎಸ್‌ಎಂಎಸ್ ಮೊದಲು ಎತ್ತಿಕೊಳ್ಳಲ್ಪಡುತ್ತದೆ ನಿಜ, ಆದರೆ ಎತ್ತಿಕೊಂಡ ಮೇಲೆ ಬಿಲ್‌ಗಳ ಜೊತೆಗೇ ಬೀಗಕ್ಕಾಗಿ ಹೋರಾಡಬೇಕು.

ನನ್ನ ಸಲಹೆ ಹೀಗಿದೆ. ಕ್ಯೂಗಳಿಗೆ ಕೆಲಸದ ಹೆಸರನ್ನಾಗಲಿ, ಮುಖ್ಯ, ಸಾಮಾನ್ಯ ಎಂಬ ಹೆಸರುಗಳನ್ನಾಗಲಿ ಇಡಬೇಡಿ. ಆ ಕೆಲಸ ಎಷ್ಟು ಹೊತ್ತು ಕಾಯಬಹುದು ಎಂಬುದನ್ನೇ ಹೆಸರಾಗಿಡಿ: ಒಂದು ನಿಮಿಷದೊಳಗೆ, ಒಂದು ಗಂಟೆಯೊಳಗೆ, ಬೆಳಗಾಗುವುದರೊಳಗೆ. ಮುಖ್ಯ ಎಂದು ಹೆಸರಿಟ್ಟರೆ ಆರು ತಿಂಗಳಲ್ಲಿ ಎಲ್ಲರ ಕೆಲಸವೂ ಮುಖ್ಯವೇ ಆಗಿಬಿಡುತ್ತದೆ; ಒಂದು ನಿಮಿಷದೊಳಗೆ ಎಂಬ ಹೆಸರಿದ್ದರೆ, 6 ಸೆಕೆಂಡಿನ ಬಿಲ್ಲನ್ನು ಅಲ್ಲಿ ಸೇರಿಸಲು ಹೊರಟವರಿಗೆ ಆ ಹೆಸರೇ ಪ್ರಶ್ನೆ ಕೇಳುತ್ತದೆ. ನಂತರ ಮೊದಲ ಕ್ಯೂಗೆ ತನ್ನದೇ ಪ್ರೊಸೆಸ್ ಕೊಟ್ಟು ಅದರಲ್ಲಿ 10 ಥ್ರೆಡ್ ಇಡಿ. ಬಿಲ್‌ಗಳಿಗೆ ಎರಡು ಪ್ರೊಸೆಸ್ ಕೊಟ್ಟು ಒಂದೊಂದರಲ್ಲಿ 2 ಥ್ರೆಡ್ ಮಾತ್ರ ಇಡಿ. ಒಂದು ಥ್ರೆಡ್ ಡೇಟಾಬೇಸ್‌ಗೆ ಕಾಯುವಾಗ ಇನ್ನೊಂದು ಪುಟ ರಚಿಸುತ್ತದೆ. ಆಗ 45,000 ಸೆಕೆಂಡು ಎರಡು ಭಾಗವಾಗಿ ಸುಮಾರು ಆರೂಕಾಲು ಗಂಟೆಯಾಗುತ್ತದೆ. ರಾತ್ರಿ 9ಕ್ಕೆ ಆರಂಭಿಸಿದರೆ ಮೂರೂಕಾಲರ ಹೊತ್ತಿಗೆ ಮುಗಿಯುತ್ತದೆ, ಕ್ಯಾನ್‌ಗಳು ಡೈರಿಗೆ ಬರುವುದಕ್ಕೆ ಇನ್ನೂ ಸಮಯವಿರುತ್ತದೆ. ಉಳಿದ ಕೋರ್ ವೆಬ್ ಸರ್ವರ್‌ಗಿರಲಿ.

ಡೇಟಾಬೇಸ್ ಪೂಲ್‌ನ (ಥ್ರೆಡ್‌ಗಳು ಹಂಚಿಕೊಳ್ಳುವ ಸಂಪರ್ಕಗಳ ಗುಂಪಿನ) ಗಾತ್ರ ಎಷ್ಟಿದೆ ಎಂಬುದನ್ನೂ ನೋಡಿ. ಅದು 10ರಲ್ಲೇ ಉಳಿದು ಥ್ರೆಡ್‌ಗಳು 25 ಆಗಿದ್ದರೆ, ಸಂಪರ್ಕ ಸಿಗದ ಥ್ರೆಡ್‌ಗಳು 5 ಸೆಕೆಂಡು ಕಾದು ದೋಷದಿಂದ ಬೀಳುತ್ತವೆ.

ಕಾಯಕನಿಷ್ಠ:

ಎರಡನೆಯ ತೊಂದರೆಯ ಬಗ್ಗೆ ಬರೆಯುತ್ತೇನೆ. ಇದೇ ಅನುಭವ ನನಗೆ ಒಮ್ಮೆ ಆಗಿದೆ, ಕಾರಣ ಕಂಡುಹಿಡಿಯಲು ಮೂರು ವಾರ ಹಿಡಿಯಿತು.

ಸೈಡ್‌ಕಿಕ್‌ನ ಉಚಿತ ಆವೃತ್ತಿ, ಜಾಬ್‌ಗಳನ್ನು ಇಟ್ಟಿರುವ ರೆಡಿಸ್ ಎಂಬ ಡೇಟಾಬೇಸ್‌ನ ಪಟ್ಟಿಯಿಂದ ಜಾಬನ್ನು ಕಿತ್ತು ತೆಗೆದುಕೊಳ್ಳುತ್ತದೆ. ಆ ಕ್ಷಣದಿಂದ ಜಾಬ್ ಇರುವುದು ಪ್ರೊಸೆಸ್‌ನ ಮೆಮೊರಿಯಲ್ಲಿ ಮಾತ್ರ. ನಿಲ್ಲು ಎಂದು ಹೇಳುವ ಟರ್ಮ್ ಸಿಗ್ನಲ್ ಬಂದರೆ ಸೈಡ್‌ಕಿಕ್ ಹೊಸ ಜಾಬ್‌ಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಲು 25 ಸೆಕೆಂಡು ಕೊಟ್ಟು, ಆಗಲೂ ಮುಗಿಯದವನ್ನು ರೆಡಿಸ್‌ಗೆ ಹಿಂದಿರುಗಿಸುತ್ತದೆ. ಇದು ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆ. ಆದರೆ ಡಾಕರ್ ಒಂದು ಕಂಟೇನರ್ ನಿಲ್ಲಿಸುವಾಗ ಟರ್ಮ್ ಕಳುಹಿಸಿ 10 ಸೆಕೆಂಡು ಮಾತ್ರ ಕಾಯುತ್ತದೆ, ನಂತರ ಕಿಲ್ ಸಿಗ್ನಲ್‌ನಿಂದ ಕೊಂದುಬಿಡುತ್ತದೆ. ಹಿಂದಿರುಗಿಸುವ ಕೆಲಸ 25ನೆಯ ಸೆಕೆಂಡಿಗೆ, ಸಾವು 10ನೆಯ ಸೆಕೆಂಡಿಗೆ. ಹತ್ತಾರು ಥ್ರೆಡ್‌ಗಳು ಒಂದೇ ಬೀಗಕ್ಕೆ ಕಾದು ಬಿಲ್‌ಗಳು ನಿಮಿಷಗಟ್ಟಲೆ ಹಿಡಿಯುತ್ತಿರುವ ನಿಮ್ಮಲ್ಲಿ, ಡಿಪ್ಲಾಯ್ ಆದಾಗಲೆಲ್ಲ ಕೈಯಲ್ಲಿದ್ದ ಬಹುಪಾಲು ಜಾಬ್‌ಗಳು ಹೋಗಿರಬೇಕು. ಅವು ಸೋತ ಜಾಬ್‌ಗಳಲ್ಲ, ಆದ್ದರಿಂದ ರಿಟ್ರೈ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಂಪೋಸ್ ಫೈಲಿನಲ್ಲಿ ಆ ಸೇವೆಗೆ ಸ್ಟಾಪ್ ಗ್ರೇಸ್ ಪೀರಿಯಡ್ (ಕೊಲ್ಲುವ ಮೊದಲು ಕಾಯುವ ಅವಧಿ) ಅನ್ನು 40 ಸೆಕೆಂಡಿಗೆ ಏರಿಸಿ. ಸೈಡ್‌ಕಿಕ್ಕನ್ನು ಒಂದು ಶೆಲ್ ಸ್ಕ್ರಿಪ್ಟ್‌ನಿಂದ ಆರಂಭಿಸುತ್ತಿದ್ದರೆ ಕೊನೆಯ ಸಾಲಿನಲ್ಲಿ ಎಕ್ಸೆಕ್ (ಶೆಲ್‌ನ ಜಾಗಕ್ಕೆ ಸೈಡ್‌ಕಿಕ್ಕನ್ನೇ ತರುವ ಆದೇಶ) ಇದೆಯೇ ನೋಡಿ. ಇಲ್ಲದಿದ್ದರೆ ಟರ್ಮ್ ಸಿಗ್ನಲ್ ಶೆಲ್‌ನ ಬಳಿಯೇ ನಿಂತುಬಿಡುತ್ತದೆ, ಸೈಡ್‌ಕಿಕ್‌ಗೆ ತಲುಪುವುದೇ ಇಲ್ಲ, ಅವಧಿಯನ್ನು ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಡಿಪ್ಲಾಯ್ ಸ್ಕ್ರಿಪ್ಟ್‌ನ ಆರಂಭದಲ್ಲೇ, ಹೊಸ ಜಾಬ್ ತೆಗೆದುಕೊಳ್ಳಬೇಡ ಎಂದು ಹೇಳುವ ಟಿಎಸ್‌ಟಿಪಿ ಸಿಗ್ನಲ್ ಕಳುಹಿಸಿದರೆ ಇನ್ನೂ ಒಳ್ಳೆಯದು. ಹೊಸ ಇಮೇಜ್ ಇಳಿಯುವ ಹೊತ್ತಿಗೆ ಹಳೆಯ ಪ್ರೊಸೆಸ್ ಕೈಯಲ್ಲಿದ್ದುದನ್ನು ಮುಗಿಸಿಕೊಂಡಿರುತ್ತದೆ.

ಮೆಮೊರಿ ಸಾಲದೆ ಪ್ರೊಸೆಸ್ ಸತ್ತರೆ ಇದ್ಯಾವುದೂ ಉಳಿಸುವುದಿಲ್ಲ. ಅದಕ್ಕೆ ಹಣ ಕೊಟ್ಟು ಪಡೆಯುವ ಪ್ರೊ ಆವೃತ್ತಿಯ ಸೂಪರ್ ಫೆಚ್ ಬೇಕು, ಅದು ಜಾಬ್ ಮುಗಿಯುವವರೆಗೂ ಅದನ್ನು ರೆಡಿಸ್‌ನಲ್ಲೇ ಉಳಿಸಿಕೊಳ್ಳುತ್ತದೆ.

ಕೆಂಪುಮಣಿ:

ಹೊಸದಾಗಿ ಯೋಚಿಸುವುದಾದರೆ ಸೈಡ್‌ಕಿಕ್‌ನ ಬದಲಿಗೆ ಸಾಲಿಡ್ ಕ್ಯೂ ಕಡೆ ನೋಡಬಾರದೇಕೆ? 2024ರ ನವೆಂಬರಿನಲ್ಲಿ ಬಂದ ರೈಲ್ಸ್ 8ರಲ್ಲಿ ಅದೇ ಡೀಫಾಲ್ಟ್. ಜಾಬ್‌ಗಳು ಡೇಟಾಬೇಸ್‌ನಲ್ಲೇ ಇರುತ್ತವೆ, ರೆಡಿಸ್‌ನ ಅಗತ್ಯವಿಲ್ಲ, ಮತ್ತು ಜಾಬ್ ನಡೆಸುವ ವರ್ಕರ್ ಪ್ರೊಸೆಸ್ ಹಠಾತ್ತನೆ ಸತ್ತರೂ ಅದು ಹಿಡಿದಿದ್ದ ಜಾಬ್‌ನ ಗುರುತು ಕೋಷ್ಟಕದಲ್ಲಿ ಉಳಿಯುತ್ತದೆ. ನಿಮ್ಮ ಪ್ರಮಾಣಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಧಾರಾಳವಾಗಿ ಸಾಕು.

ರಾತ್ರಿಪಾಳಿ:

ಕೆಂಪುಮಣಿ ಅವರ ಮಾತಿನಲ್ಲಿ ಹುರುಳಿದೆ. ಹೊಸ ಅಪ್ಲಿಕೇಶನ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಎರಡು ವಿಷಯಗಳನ್ನು ಗಮನಿಸಬೇಕು. ವರ್ಕರ್ ಹಠಾತ್ತನೆ ಸತ್ತಾಗ ಸಾಲಿಡ್ ಕ್ಯೂ ಆ ಜಾಬನ್ನು ತಾನಾಗಿ ಮತ್ತೆ ನಡೆಸುವುದಿಲ್ಲ, ವಿಫಲವಾದದ್ದೆಂದು ಗುರುತಿಸಿ ಇಡುತ್ತದೆ. ಅದನ್ನು ಯಾರಾದರೂ ನೋಡಿ ಮತ್ತೆ ಓಡಿಸಬೇಕು. ಮತ್ತು ಜಿವಿಎಲ್ ಬೀಗ ರೂಬಿಯದ್ದು, ಕ್ಯೂಗೆ ಅದರ ಮೇಲೆ ಅಧಿಕಾರವಿಲ್ಲ. ಬಿಲ್ ಮತ್ತು ಎಸ್‌ಎಂಎಸ್ ಒಂದೇ ಪ್ರೊಸೆಸ್‌ನಲ್ಲಿ ಉಳಿದರೆ, ಸಾಲಿಡ್ ಕ್ಯೂಗೆ ಹೋದ ಮೇಲೂ ಬೆಳಗಿನ ಸಂದೇಶ ತಡವಾಗಿಯೇ ಬರುತ್ತದೆ. ಆದ್ದರಿಂದ ಮೊದಲು ಪ್ರೊಸೆಸ್‌ಗಳನ್ನು ಬೇರ್ಪಡಿಸಿ, ವ್ಯವಸ್ಥೆ ಬದಲಿಸುವ ಯೋಚನೆ ಆಮೇಲೆ ಇರಲಿ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಆರಂಭಿಕ ಸ್ಕ್ರಿಪ್ಟ್‌ನಲ್ಲಿ ಎಕ್ಸೆಕ್ ಇರಲಿಲ್ಲ. ಅದನ್ನು ಸೇರಿಸಿ ಅವಧಿಯನ್ನು 40 ಸೆಕೆಂಡು ಮಾಡಿದ ಮೇಲೆ, ಇಷ್ಟು ಜಾಬ್‌ಗಳನ್ನು ರೆಡಿಸ್‌ಗೆ ಹಿಂದಿರುಗಿಸಲಾಯಿತು ಎಂಬ ಸಾಲು ಮೊದಲ ಬಾರಿಗೆ ಲಾಗ್‌ನಲ್ಲಿ ಕಾಣಿಸಿತು. ಪೂಲ್ ಕೂಡ 10ರಲ್ಲೇ ಇತ್ತು. ಆದರೆ ಈಗ ಒಂದು ಆತಂಕ ಹುಟ್ಟಿದೆ: ಹಿಂದಿರುಗಿಸಿದ ಜಾಬ್ ಮೊದಲಿನಿಂದ ಮತ್ತೆ ನಡೆಯುತ್ತದೆಯಲ್ಲವೇ? ಎಸ್‌ಎಂಎಸ್ ಹೋದ ಮೇಲೆ, ಜಾಬ್ ಮುಗಿಯುವ ಮೊದಲು ನಿಲ್ಲಿಸಿದರೆ ಅದೇ ರೈತರಿಗೆ ಇನ್ನೊಂದು ಸಂದೇಶ ಹೋಗುತ್ತದೆ. ಎರಡನೆಯ ತೊಂದರೆಯನ್ನು ಸರಿಪಡಿಸಿ ಮೂರನೆಯದನ್ನು ಹೆಚ್ಚಿಸಿದಂತಾಯಿತೇ? ನಮ್ಮ ಗೇಟ್‌ವೇಗೆ ರೂಬಿಯ ನೆಟ್ ಎಚ್‌ಟಿಟಿಪಿ ಲೈಬ್ರರಿ ಮೂಲಕ ಗೆಟ್ (ಮಾಹಿತಿ ಕೇಳಲೆಂದು ಇರುವ) ವಿನಂತಿ ಕಳುಹಿಸುತ್ತೇವೆ, ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಅವಧಿ) ಎಲ್ಲಿಯೂ ಹೊಂದಿಸಿಲ್ಲ.

ಕಾಯಕನಿಷ್ಠ:

ಹೌದು, ಹೆಚ್ಚಿಸಿದಂತಾಯಿತು. ಜಾಬ್ ಕಳೆದುಹೋಗಬಾರದು ಎಂದರೆ ಅದು ಕೆಲವೊಮ್ಮೆ ಎರಡು ಸಲ ನಡೆಯುವುದನ್ನು ಒಪ್ಪಲೇಬೇಕು, ಎರಡು ಸಲ ನಡೆದರೂ ಕೆಡದಂತೆ ಅದನ್ನು ಬರೆಯಬೇಕು.

ಆದರೆ ಇಷ್ಟು ದಿನ ನೀವು ಕಂಡ ಎರಡೆರಡು ಸಂದೇಶಗಳಿಗೆ ಕಾರಣ ಬಹುಶಃ ನಿಮ್ಮ ಕೊನೆಯ ವಾಕ್ಯದಲ್ಲಿದೆ. ನೆಟ್ ಎಚ್‌ಟಿಟಿಪಿಯಲ್ಲಿ ಉತ್ತರಕ್ಕೆ ಕಾಯುವ ಅವಧಿ ತಾನಾಗಿ 60 ಸೆಕೆಂಡು ಇರುತ್ತದೆ. ಅದು ಮೀರಿದಾಗ, ಗೆಟ್ ವಿನಂತಿಯನ್ನು ಎಷ್ಟು ಸಲ ಕಳುಹಿಸಿದರೂ ಫಲ ಒಂದೇ ಎಂಬ ನಂಬಿಕೆಯಿಂದ, ಅದು ನಿಮಗೆ ತಿಳಿಸದೆಯೇ ಇನ್ನೊಮ್ಮೆ ಕಳುಹಿಸುತ್ತದೆ. ಎಸ್‌ಎಂಎಸ್ ಕಳುಹಿಸುವ ಗೆಟ್‌ಗೆ ಆ ನಂಬಿಕೆ ಸಲ್ಲದು. ಗೇಟ್‌ವೇ ಸಂದೇಶವನ್ನು ಕಳುಹಿಸಿ ಉತ್ತರ ಕೊಡಲು ಮಾತ್ರ ತಡಮಾಡಿದರೂ ಎರಡು ಸಂದೇಶ ಹೋಗುತ್ತದೆ, ಜಾಬ್ ಒಂದೇ ಸಲ ನಡೆದಿದ್ದರೂ. ಎರಡನೆಯದೂ ಟೈಮ್‌ಔಟ್ ಆದರೆ ಜಾಬ್ ಸೋತು ಸೈಡ್‌ಕಿಕ್‌ನ ರಿಟ್ರೈ ಆರಂಭವಾಗುತ್ತದೆ, ಅದು 25 ಸಲ, ಸುಮಾರು ಮೂರು ವಾರಗಳವರೆಗೆ ನಡೆಯುತ್ತದೆ. ಇಂದಿನ ಹಾಲಿನ ಲೆಕ್ಕ ಮುಂದಿನ ಬಟವಾಡೆಯ ನಂತರ ತಲುಪಿದರೆ ರೈತರಿಗೆ ಗೊಂದಲವಲ್ಲದೆ ಏನೂ ಸಿಗುವುದಿಲ್ಲ.

ನೆಟ್ ಎಚ್‌ಟಿಟಿಪಿಯ ಮ್ಯಾಕ್ಸ್ ರಿಟ್ರೈಸ್ ಅನ್ನು ಸೊನ್ನೆ ಮಾಡಿ, ಕಾಯುವ ಅವಧಿಯನ್ನು 10 ಸೆಕೆಂಡಿಗೆ ಇಳಿಸಿ. ಪ್ರತಿ ಹಾಲಿನ ದಾಖಲೆಗೂ ಸಂದೇಶಗಳ ಕೋಷ್ಟಕದಲ್ಲಿ ಒಂದೇ ಸಾಲು ಇರುವಂತೆ ಯೂನಿಕ್ ಇಂಡೆಕ್ಸ್ ಹಾಕಿ, ಕಳುಹಿಸುವ ಮೊದಲು ಆ ಸಾಲಿನ ಸ್ಥಿತಿಯನ್ನು ಕಳುಹಿಸುತ್ತಿದೆ ಎಂದು ಬದಲಿಸಿ, ಉತ್ತರ ಬಂದ ಮೇಲೆ ಕಳುಹಿಸಿದೆ ಎಂದು ಗುರುತಿಸಿ. ಮತ್ತೆ ಓಡಿದ ಜಾಬ್ ಆ ಸಾಲು ಕಳುಹಿಸುತ್ತಿದೆ ಎಂಬಲ್ಲೇ ನಿಂತಿರುವುದನ್ನು ಕಂಡರೆ, ಹಿಂದಿನ ಯತ್ನದ ಗತಿ ಏನಾಯಿತೆಂದು ಅದಕ್ಕೆ ತಿಳಿದಿಲ್ಲ ಎಂದೇ ಅರ್ಥ. ಆಗ ಮತ್ತೆ ಕಳುಹಿಸುವ ಬದಲು ಗೇಟ್‌ವೇಯ ತಲುಪಿದ ವರದಿಯನ್ನು ಕೇಳಲಿ. ವರದಿ ಸಿಗದಿದ್ದರೆ ಕಾರ್ಯದರ್ಶಿಯವರ ಪರದೆಯಲ್ಲಿ ಖಚಿತವಿಲ್ಲ ಎಂದು ತೋರಿಸಲಿ.

ಈ ಮಧ್ಯದ ಸ್ಥಿತಿಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ. ನಿಮ್ಮ ಅಪ್ಲಿಕೇಶನ್ ಮುಂದೆ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಕಳುಹಿಸುವಂತಾದರೆ, ಆ ಜಾಬ್‌ಗೆ ರಿಟ್ರೈ ಪೂರ್ತಿ ನಿಲ್ಲಿಸಿ, ಖಚಿತವಿಲ್ಲದ ಪ್ರತಿಯೊಂದನ್ನೂ ಮನುಷ್ಯರೊಬ್ಬರು ನೋಡುವಂತೆ ಮಾಡಿ. ಸಂದೇಶ ಬಾರದ ರೈತರು ಡೈರಿಗೆ ಬಂದು ಕೇಳುತ್ತಾರೆ. ಎರಡು ಸಲ ಹೋದ ಹಣವನ್ನು ಹಿಂದಿರುಗಿ ಕೇಳುವುದು ಸಂಘಕ್ಕೂ ರೈತರಿಗೂ ಬಹಳ ಕಷ್ಟ.

ತುಂಗಾತೀರ:

ನೆಟ್ ಎಚ್‌ಟಿಟಿಪಿ ತಾನಾಗಿ ಮತ್ತೆ ಕಳುಹಿಸುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿರಲಿಲ್ಲ. ಎರಡು ಸಂದೇಶ ಹೋದ ದಿನಗಳ ಲಾಗ್ ತೆಗೆದು ನೋಡಿದೆವು. ಆ ಜಾಬ್‌ಗಳೆಲ್ಲ 60 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿದು ಯಶಸ್ವಿಯಾಗಿ ಮುಗಿದಿದ್ದವು. ಎದುರಿಗೇ ಇದ್ದರೂ ನಾವು ಗಮನಿಸಿರಲಿಲ್ಲ.

ನಿನ್ನೆಯ ರಾತ್ರಿ ಬಿಲ್‌ಗಳನ್ನು ಎರಡು ಪ್ರತ್ಯೇಕ ಪ್ರೊಸೆಸ್‌ಗಳಲ್ಲಿ ನಡೆಸಿದೆವು. 9ಕ್ಕೆ ಆರಂಭವಾಗಿ 3:40ಕ್ಕೆ ಮುಗಿಯಿತು. ಕ್ಯೂನ ಉದ್ದವನ್ನು ನೋಡುವ ಬದಲು ಅತಿ ಹಳೆಯ ಜಾಬ್ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದನ್ನು ಪ್ರತಿ ನಿಮಿಷ ದಾಖಲಿಸತೊಡಗಿದ್ದೇವೆ. ಇಂದು ಬೆಳಿಗ್ಗೆ ಎಸ್‌ಎಂಎಸ್ ಕ್ಯೂನಲ್ಲಿ ಅದು 4 ಸೆಕೆಂಡನ್ನು ಮೀರಲಿಲ್ಲ. ಸಂದೇಶಗಳ ಕೋಷ್ಟಕದ ಕೆಲಸ ಈ ವಾರ ಮುಗಿಯುತ್ತದೆ. ಎರಡು ಪಟ್ಟು ಹಣ ಕೇಳಿದ ಹಿರಿಯರನ್ನು ಭಾನುವಾರ ಸಂಘಕ್ಕೆ ಹೋಗಿ ಕಂಡು, ತಪ್ಪು ನಮ್ಮದೆಂದು ಹೇಳಿ ಬರುತ್ತೇನೆ.