ಚಿಕ್ಕ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತೋಕೆ 30 ಅಡಿ ಸಾಕಾ?

ಅಲೆಮಾರಿ:
ನಮಸ್ಕಾರ ಎಲ್ರಿಗೂ. ನಾನು ನನ್ನ ಹೆಂಡತಿ ಇಬ್ರೂ ತೀರದ ಆಸುಪಾಸಲ್ಲಿ ಸುಮಾರು ವರ್ಷದಿಂದ ಸೇಲಿಂಗ್ ಮಾಡ್ತಿದೀವಿ, ರಾತ್ರಿ ಪೂರ್ತಿ ಓಡ್ಸಿದ್ದೂ ಇದೆ, ಆದ್ರೆ ವಾರಗಟ್ಟಲೆ ನೆಲಾನೇ ಕಾಣದ ಹಾಗೆ ಹೋಗಿಲ್ಲ. ಈಗ 30 ಅಡಿದು ಒಂದು ಹಳೇ ಫೈಬರ್‌ಗ್ಲಾಸ್ ದೋಣಿ ಮಾರಾಟಕ್ಕಿದೆ, 70ರ ದಶಕದ್ದು, ಉದ್ದ ಕೀಲ್ (ತಳದಲ್ಲಿರೋ ಭಾರದ ರೆಕ್ಕೆ), ಎಂಜಿನ್ ಸುಮಾರಾಗಿದೆ. ಅದನ್ನ ತಗೊಂಡು ಎರಡು ಮೂರು ವರ್ಷದಲ್ಲಿ ಪ್ರಪಂಚ ಸುತ್ತಿ ಬರೋಣ ಅಂತ ಆಸೆ. ಆದ್ರೆ ವಿಡಿಯೋಗಳಲ್ಲಿ ನೋಡಿದ್ರೆ ಎಲ್ರೂ 45 ಅಡಿ ಜೋಡಿ ಒಡಲಿನ ಕ್ಯಾಟಮರಾನ್‌ನಲ್ಲೇ ಇರ್ತಾರೆ, ಫ್ರಿಜ್ಜು, ವಾಷಿಂಗ್ ಮಷೀನು, ಸಮುದ್ರದ ನೀರನ್ನ ಸಿಹಿ ಮಾಡೋ ವಾಟರ್‌ಮೇಕರು ಎಲ್ಲ ಇಟ್ಕೊಂಡು. 30 ಅಡಿ ನಿಜವಾಗ್ಲೂ ಸಾಕಾ? ಸಾಗರದ ಮಧ್ಯೆ ಬಿರುಗಾಳಿ ಬಂದ್ರೆ ಇಷ್ಟು ಚಿಕ್ಕದು ತಡ್ಕೊಳುತ್ತಾ? ಬೈಯೋರು ಬೈಬಹುದು, ಕಾರಣ ಹೇಳಿ ಬೈರಿ.

ಉಪ್ಪುನೀರು:
ಯಾಕ್ರೀ ಬೈಯೋದು. ಒಬ್ಬನೇ ಪ್ರಪಂಚ ಸುತ್ತಿದ ಮೊದಲನೇ ಮನುಷ್ಯ ಜೋಶುವಾ ಸ್ಲೋಕಮ್, 1895ರಲ್ಲಿ ಬಾಸ್ಟನ್‌ನಿಂದ ಹೊರಟು 1898ರಲ್ಲಿ ಮುಗಿಸ್ದ, ಅವನ ದೋಣಿ ಸ್ಪ್ರೇ ಹೆಚ್ಚುಕಮ್ಮಿ 37 ಅಡಿ, ಎಂಜಿನ್ನೂ ಇಲ್ಲ ರೇಡಿಯೋನೂ ಇಲ್ಲ. ಜಾನ್ ಗಜ್‌ವೆಲ್ 50ರ ದಶಕದಲ್ಲಿ ತಾನೇ ಕಟ್ಟಿದ 20 ಅಡಿ ಚಿಲ್ಲರೆ ಟ್ರೆಕ್ಕಾ ಅನ್ನೋ ದೋಣೀಲಿ ಹೋಗ್ಬಂದ. ಸರ್ಜ್ ಟೆಸ್ಟಾ ಅಂತೂ 1984ರಿಂದ 87ರ ತನಕ 12 ಅಡಿಗಿಂತ ಚಿಕ್ಕದ್ರಲ್ಲಿ ಸುತ್ತಿಬಿಟ್ಟ, ಅದ್ರ ಮುಂದೆ ನಿಮ್ದು ಅರಮನೆ.

ಚಿಕ್ಕ ದೋಣಿ ತೊಂದ್ರೆ ಕೊಡೋದು ಮುಳುಗೋ ವಿಷ್ಯದಲ್ಲಲ್ಲ, ಸಾಮಾನಿನ ವಿಷ್ಯದಲ್ಲಿ. ನಿಮ್ಮ ದೋಣಿ ನೀರಿನ ಮಟ್ಟದಲ್ಲಿ 24 ಅಡಿ ಇರುತ್ತೆ ಅಂತಿಟ್ಕೊಳಿ, ಅದ್ರ ಹಲ್ ಸ್ಪೀಡ್, ಅಂದ್ರೆ ಆ ಉದ್ದಕ್ಕೆ ಬರೋ ಗರಿಷ್ಠ ವೇಗ, ಆರೂವರೆ ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಆಸುಪಾಸು, ದಿನದ ಸರಾಸರಿ 5 ಬಂದ್ರೆ ಖುಷಿಪಡಿ, ಅಂದ್ರೆ ದಿನಕ್ಕೆ 120 ನಾಟಿಕಲ್ ಮೈಲಿ. ಗಲಾಪಗೋಸ್‌ನಿಂದ ಮಾರ್ಕೆಸಸ್ ದ್ವೀಪಗಳಿಗೆ ಸುಮಾರು 3000 ಮೈಲಿ, 25 ದಿನ ಆಯ್ತು, ಮಧ್ಯೆ ಗಾಳಿ ನಿಂತೋದ್ರೆ ಅಂತ 40 ದಿನಕ್ಕೆ ತುಂಬ್ಕೋಬೇಕು. ಒಬ್ರಿಗೆ ದಿನಕ್ಕೆ 4 ಲೀಟರ್ ನೀರು ಅಂದ್ರೂ ಇಬ್ರಿಗೆ 320 ಲೀಟರ್, ಅಷ್ಟೇ ಕಿಲೋ ಭಾರ. ಇನ್ನು ಊಟ, ಡೀಸೆಲ್, ಟೂಲ್ಸ್, ಎರಡು ಲಂಗರು, ಚೈನು. ಇಷ್ಟೆಲ್ಲ ಹೇರಿದ್ರೆ 30 ಅಡಿ ದೋಣಿ ನೀರಲ್ಲಿ ಕೂತೋಗುತ್ತೆ, ಇನ್ನೂ ನಿಧಾನ ಆಗುತ್ತೆ. ಭಾರ ಇರೋದನ್ನ ಕೆಳಗೆ, ಮಧ್ಯಕ್ಕೆ ಇಡಿ, ಮೂತಿಗೂ ಹಿಂದಕ್ಕೂ ತುಂಬಬೇಡಿ. ನೀರೆಲ್ಲ ಒಂದೇ ಟ್ಯಾಂಕಲ್ಲಿ ಇಡ್ಬೇಡಿ, ಸೋರಿದ್ರೆ ಕಥೆ ಮುಗೀತು, ಅರ್ಧ ಆದ್ರೂ ಕ್ಯಾನ್‌ಗಳಲ್ಲಿರಲಿ.

ಗಾಳಿಮಾತು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಬಿರುಗಾಳಿ ಪ್ರಶ್ನೆಗೆ ಉತ್ತರ ದೋಣೀಲಿಲ್ಲ ಕ್ಯಾಲೆಂಡರ್‌ನಲ್ಲಿದೆ. ಟ್ರೇಡ್ ವಿಂಡ್ (ಉಷ್ಣವಲಯದಲ್ಲಿ ಪೂರ್ವದಿಂದ ಒಂದೇ ಸಮ ಬೀಸೋ ಗಾಳಿ) ದಾರೀಲಿ ಹೋಗೋರು ಬಿರುಗಾಳಿ ಜೊತೆ ಗುದ್ದಾಡೋಕೆ ಹೋಗಲ್ಲ, ಅದು ಬರೋ ತಿಂಗಳಲ್ಲಿ ಅಲ್ಲಿ ಇರೋದೇ ಇಲ್ಲ. ಅಟ್ಲಾಂಟಿಕ್ ಹರಿಕೇನ್ ಸೀಸನ್ ನವೆಂಬರ್ ಕೊನೆಗೆ ಮುಗಿಯುತ್ತೆ, ಆಮೇಲೆ ಕ್ಯಾನರಿ ದ್ವೀಪದಿಂದ ಕೆರಿಬಿಯನ್‌ಗೆ ಸುಮಾರು 2700 ಮೈಲಿ, ಗಾಳಿ ಬೆನ್ನಿಗಿರುತ್ತೆ. ಫೆಬ್ರವರಿ ಮಾರ್ಚ್ ಹೊತ್ತಿಗೆ ಪನಾಮ ಕಾಲುವೆ ದಾಟಿ ಪೆಸಿಫಿಕ್‌ಗೆ ಇಳೀಬೇಕು. ದಕ್ಷಿಣ ಪೆಸಿಫಿಕ್‌ನಲ್ಲಿ ಸೈಕ್ಲೋನ್ ಕಾಲ ನವೆಂಬರ್‌ನಿಂದ ಏಪ್ರಿಲ್, ಅದಕ್ಕೇ ಟಾಂಗಾ ಫಿಜಿ ಕಡೆ ಇರೋರೆಲ್ಲ ಅಷ್ಟರೊಳಗೆ ನ್ಯೂಜಿಲೆಂಡ್‌ಗೆ ಇಳ್ಕೊಂಡು ದೋಣಿ ರಿಪೇರಿ ಮಾಡಿಸ್ತಾ ಕೂರ್ತಾರೆ. ಮುಂದಿನ ವರ್ಷ ಆಸ್ಟ್ರೇಲಿಯಾದ ಉತ್ತರಕ್ಕಿರೋ ಟಾರೆಸ್ ಜಲಸಂಧಿ, ಹಿಂದೂ ಮಹಾಸಾಗರ, ಮಾರಿಷಸ್, ಆಫ್ರಿಕಾದ ತುದಿ.

ಆ ಆಫ್ರಿಕಾ ತೀರದ ಬಗ್ಗೆ ಮಾತ್ರ ಎರಡು ಸಲ ಓದ್ಕೊಳಿ. ಅಗುಲ್ಹಾಸ್ ಪ್ರವಾಹ ನೈಋತ್ಯ ದಿಕ್ಕಿಗೆ ಜೋರಾಗಿ ಹರೀತಿರುತ್ತೆ, ಎದುರಿಂದ ನೈಋತ್ಯ ಗಾಳಿ ಬೀಸಿತೋ ಅಲೆ ಗೋಡೆ ಥರ ನೆಟ್ಟಗೆ ನಿಂತ್ಕೊಳುತ್ತೆ, ದೊಡ್ಡ ಹಡಗಿಗೇ ಪೆಟ್ಟು ಬಿದ್ದಿದೆ. ಅದಕ್ಕೆ ರಿಚರ್ಡ್ಸ್ ಬೇ, ಡರ್ಬನ್, ಈಸ್ಟ್ ಲಂಡನ್ ಅಂತ ಬಂದರಿಂದ ಬಂದರಿಗೆ, ಒಳ್ಳೇ ಗಾಳಿ ಕಾಯ್ತಾ ಹಾರ್ಕೊಂಡು ಹೋಗ್ಬೇಕು. ಇಂಥ ದಿನ ಇಂಥಲ್ಲಿ ಇರ್ತೀವಿ ಅಂತ ನೆಂಟರಿಗೆ ಮಾತು ಕೊಟ್ಟು ಫ್ಲೈಟ್ ಬುಕ್ ಮಾಡಿಸಿದ್ರೆ ಕೆಟ್ರಿ, ಕಾಯೋ ತಾಳ್ಮೆನೇ ಹೊರಟೋಗುತ್ತೆ.

ಕೀಲುಗೊಂಬೆ:
ಚಿಕ್ಕದ್ರಲ್ಲಿ ಆಗುತ್ತೆ ಅಂದ ತಕ್ಷಣ ಚಿಕ್ಕದು ಹಳೇದು ಎಲ್ಲ ಓಕೆ ಅಂದ್ಕೋಬೇಡಿ. 2018ರ ಗೋಲ್ಡನ್ ಗ್ಲೋಬ್ ರೇಸಲ್ಲಿ (ಒಬ್ರೇ ಪ್ರಪಂಚ ಸುತ್ತೋ ಹಾಯಿದೋಣಿ ರೇಸು) ನಮ್ಮ ಭಾರತದ ಅಭಿಲಾಷ್ ಟಾಮಿ 32 ಅಡಿ ದೋಣೀಲಿದ್ರು, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ದೋಣಿ ಮಗುಚಿ ಹಾಯಿಕಂಬ ಮುರಿದು ಬೆನ್ನಿಗೆ ಪೆಟ್ಟಾಗಿ ಅಲ್ಲಾಡೋಕಾಗದೆ ಮಲಗಿದ್ರು, ಬೇರೆ ಹಡಗು ಬಂದು ಎತ್ಕೊಂಡು ಹೋಗ್ಬೇಕಾಯ್ತು. ಅದೇ ಮನುಷ್ಯ ಮುಂದಿನ ರೇಸಲ್ಲಿ 36 ಅಡಿದ್ರಲ್ಲಿ ಸುತ್ತಿ 2023ರಲ್ಲಿ ಎರಡನೇ ಸ್ಥಾನ ತಗೊಂಡ್ರು, ಅದು ಬೇರೆ ಮಾತು. ನೀವು ಅಷ್ಟು ದಕ್ಷಿಣಕ್ಕೆ ಹೋಗಲ್ಲ ನಿಜ, ಆದ್ರೆ ಕಂಬ ಮುರಿಯೋಕೆ ಬಿರುಗಾಳಿನೇ ಬೇಕಂತಿಲ್ಲ, ತುಕ್ಕು ಹಿಡಿದ ಒಂದು ಪಿನ್ ಸಾಕು.

50 ವರ್ಷದ ದೋಣೀಲಿ ಮೊದಲು ನೋಡ್ಬೇಕಾದ್ದು ಚೈನ್‌ಪ್ಲೇಟ್, ಅಂದ್ರೆ ಕಂಬದ ತಂತಿಗಳು ದೋಣಿಗೆ ಸೇರೋ ಪಟ್ಟಿ. ಸ್ಟೀಲು ಹೊರಗಡೆ ಫಳಫಳ ಅಂತಿರುತ್ತೆ, ಡೆಕ್ ಒಳಗೆ ಹೋಗೋ ಜಾಗದಲ್ಲಿ ನೀರು ಕೂತು ಬಿರುಕು ಬಿಟ್ಟಿರುತ್ತೆ, ಬಿಚ್ಚದೆ ಗೊತ್ತೇ ಆಗಲ್ಲ. ತಂತಿ ಎಷ್ಟು ವರ್ಷದ್ದು ಕೇಳಿ, ಮಾರೋರು ತಡವರಿಸಿದ್ರೆ ಪೂರ್ತಿ ಬದಲಾಯಿಸೋ ಖರ್ಚು ರೇಟಿಂದ ಕಳೀರಿ. ಆಮೇಲೆ ಚುಕ್ಕಾಣಿ, ಡೆಕ್ ಮೆತ್ತಗಾಗಿದ್ಯಾ, ನೀರೊಳಗಿನ ವಾಲ್ವ್‌ಗಳು. ಸೋಲಾರ್ ಪ್ಯಾನೆಲ್ಲು ಸ್ಯಾಟಲೈಟ್ ಇಂಟರ್ನೆಟ್ಟು ಎಲ್ಲ ಆಮೇಲೆ. ಜನ ಉಲ್ಟಾ ಮಾಡ್ತಾರೆ, ಸ್ಕ್ರೀನಿಗೆ ದುಡ್ಡು ಸುರಿದು ತಂತಿ ಹಳೇದೇ ಬಿಟ್ಟಿರ್ತಾರೆ.

ಅಲೆಮಾರಿ:
ಚೈನ್‌ಪ್ಲೇಟ್ ನನ್ನ ಲಿಸ್ಟಲ್ಲೇ ಇರ್ಲಿಲ್ಲ, ಥ್ಯಾಂಕ್ಸ್. ಇನ್ನೊಂದು, ನಿದ್ದೆ ಹೇಗೆ? ಇಬ್ರೇ ಇದೀವಲ್ಲ. ಹೆಂಡತಿ ಕೇಳ್ತಿರೋದೂ ಇದೇ, ಬಿರುಗಾಳಿಗಿಂತ ಅವಳಿಗೆ ಇದೇ ಚಿಂತೆ.

ಉಪ್ಪುನೀರು:
ನಿಮ್ಮ ಮನೆಯವರ ಪ್ರಶ್ನೆ ನಿಮ್ದಕ್ಕಿಂತ ಒಳ್ಳೇದಿದೆ. ಇಬ್ರಿದ್ರೆ ರಾತ್ರಿ ಮೂರು ಮೂರು ಗಂಟೆ ಪಾಳಿ, ಮೊದಲ ಮೂರ್ನಾಲ್ಕು ದಿನ ನರಕ, ಆಮೇಲೆ ಮೈ ಒಗ್ಗುತ್ತೆ. ಒಬ್ರೇ ಹೋಗೋರು 20 ನಿಮಿಷಕ್ಕೆ ಅಲಾರಂ ಇಡೋದು ಯಾಕಂದ್ರೆ 18 ನಾಟ್‌ನಲ್ಲಿ ಬರೋ ಹಡಗಿನ ದೀಪ ನಿಮಗೆ 8 ಮೈಲಿ ದೂರದಲ್ಲಿ ಕಂಡ್ರೆ, ನಿಮ್ಮ 5 ನಾಟೂ ಸೇರಿ ಅದು ಮೈಮೇಲೆ ಬರೋಕೆ ಅಷ್ಟೇ ಹೊತ್ತು. ಎಐಎಸ್ (ಹಡಗುಗಳು ತಾವೆಲ್ಲಿದೀವಿ ಅಂತ ರೇಡಿಯೋದಲ್ಲಿ ಒಂದಕ್ಕೊಂದು ತಿಳಿಸೋ ಸಾಧನ) ಹಾಕಿಸಿ, ಕಳ್ಸೋದೂ ಇರ್ಬೇಕು ಬರೀ ನೋಡೋದಲ್ಲ. ಆದ್ರೆ ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಅದಿರಲ್ಲ, ಕಣ್ಣು ಬೇಕೇ ಬೇಕು. ಪಾಳೀಲಿ ಇರೋರು ಹಾರ್ನೆಸ್ (ದೋಣಿಗೆ ಸಿಕ್ಕಿಸ್ಕೊಳೋ ಮೈಪಟ್ಟಿ) ಹಾಕದೆ, ಕೊಕ್ಕೆ ಸಿಕ್ಕಿಸದೆ ಕಾಕ್‌ಪಿಟ್‌ಗೆ ಬರೋ ಹಾಗೇ ಇಲ್ಲ, ಇನ್ನೊಬ್ರು ಒಳಗೆ ಮಲಗಿರೋವಾಗ ನೀವು ಬಿದ್ರೆ ಗೊತ್ತಾಗೋದು ಪಾಳಿ ಬದಲಾದಾಗಲೇ.

ಮತ್ತೆ ವಿಂಡ್‌ವೇನ್ ಇಲ್ದೆ ಹೊರಡಬೇಡಿ. ಗಾಳಿಯಿಂದಾನೇ ಚುಕ್ಕಾಣಿ ಹಿಡಿಯುತ್ತೆ, ಕರೆಂಟ್ ಬೇಡ, ಬೇಜಾರಿಲ್ಲ, ಊಟ ಕೇಳಲ್ಲ. ಒಂದೇ ವಿಷ್ಯ, ಅದು ಹಿಡಿಯೋದು ಗಾಳಿಯ ಕೋನ, ದಿಕ್ಕಲ್ಲ. ರಾತ್ರಿ ಗಾಳಿ ತಿರುಗಿದ್ರೆ ದೋಣಿನೂ ಸದ್ದಿಲ್ದೆ ಜೊತೆಗೇ ತಿರುಗುತ್ತೆ, ದಿಕ್ಸೂಚಿ ನೋಡ್ತಿರಿ.

ಅಲೆಮಾರಿ:
ಅವಳಿಗೆ ಓದಿ ಹೇಳ್ದೆ, ರಾತ್ರಿ ಎರಡನೇ ಪಾಳಿ ನಿಂದೇ ಅಂದ್ಲು. ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ಕರ್ಕೊಂಡು ಹೋಗಿ ಚೈನ್‌ಪ್ಲೇಟ್ ಬಿಚ್ಚಿಸ್ತೀನಿ, ಮಾರೋರು ಒಪ್ಪಿದ್ರೆ. 30 ಅಡಿಗೆ ಆಗೋ ಸೆಕೆಂಡ್‌ಹ್ಯಾಂಡ್ ವಿಂಡ್‌ವೇನ್ ತಗೊಳೋವಾಗ ಏನೇನು ನೋಡ್ಬೇಕು, ಗೊತ್ತಿರೋರು ಹೇಳಿ.