ಕ್ಲಬ್ ತಂಡವೊಂದರ ಚರಿತ್ರೆಯನ್ನು ಹೇಗೆ ಹೇಳುವುದು? ಜಾರ್ಜಿ ಫೇಮ್ ಮತ್ತು ಬ್ಲೂ ಫ್ಲೇಮ್ಸ್ ಕುರಿತು ಅನುಭವ ಹಂಚಿಕೆ

ಪ್ರಶ್ನೆ

ನಮ್ಮ ಊರಿನ ಸಂಗೀತಾಸಕ್ತರ ಬಳಗದಲ್ಲಿ ತಿಂಗಳಿಗೊಮ್ಮೆ ಯಾರಾದರೊಬ್ಬರು ಒಂದು ತಂಡವನ್ನೋ ಕಲಾವಿದರನ್ನೋ ಆರಿಸಿಕೊಂಡು, ಹಾಡು ಕೇಳಿಸುತ್ತಾ ಮಾತನಾಡುವ ರೂಢಿ ಇದೆ. ಈ ಸಲ ನನ್ನ ಸರದಿ. 1960ರ ದಶಕದಲ್ಲಿ ಲಂಡನ್ನಿನಲ್ಲಿ ರಿದಮ್ ಅಂಡ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತ) ನುಡಿಸುತ್ತಿದ್ದ ತಂಡವಾದ ‘ಜಾರ್ಜಿ ಫೇಮ್ ಅಂಡ್ ದಿ ಬ್ಲೂ ಫ್ಲೇಮ್ಸ್’ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಟಿಪ್ಪಣಿ ಮಾಡಿಕೊಳ್ಳುತ್ತಾ ಹೋದರೆ ಅದು ಹೆಸರು, ಇಸವಿಗಳ ಪಟ್ಟಿಯೇ ಆಗುತ್ತಿದೆ. ಯಾರು ಸೇರಿದರು, ಯಾರು ಬಿಟ್ಟರು, ಯಾವ ಹಾಡು ಎಷ್ಟನೇ ಸ್ಥಾನಕ್ಕೆ ಬಂತು, ಇಷ್ಟೇ. ಕೇಳುವವರಲ್ಲಿ ಬಹುಪಾಲು ಜನ ಕರ್ನಾಟಕ ಸಂಗೀತ, ಸುಗಮ ಸಂಗೀತ ಕೇಳಿ ಬೆಳೆದವರು. ಇರುವುದು ಒಂದು ಗಂಟೆ. ಇಂಥದ್ದನ್ನು ಮಾಡಿ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಆಲಿಕೆ ಕೂಟ ನಡೆಸುವವರೊಬ್ಬರು, ಮೈಸೂರು

ಒಳ್ಳೆಯ ತಂಡವನ್ನೇ ಆರಿಸಿದ್ದೀರಿ. ನನ್ನ ಸಲಹೆ ಒಂದೇ: ತಂಡದಿಂದ ಶುರು ಮಾಡಬೇಡಿ, ಕೋಣೆಯಿಂದ ಶುರು ಮಾಡಿ. ಕ್ಲಬ್ ತಂಡದ ಚರಿತ್ರೆ ಎಂದರೆ ಅದು ನುಡಿಸಿದ ಕೋಣೆಯ ಚರಿತ್ರೆ. ಆ ಕೋಣೆ ಎಷ್ಟು ಹೊತ್ತಿಗೆ ತೆರೆಯುತ್ತಿತ್ತು, ಒಳಗೆ ಯಾರು ಬರುತ್ತಿದ್ದರು, ಅವರು ಏನು ಕೇಳಿ ಕುಣಿಯುತ್ತಿದ್ದರು ಎಂಬುದು ತಿಳಿದರೆ ತಂಡ ಹಾಗೆ ಏಕೆ ನುಡಿಸಿತು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆ ಕೋಣೆ ಫ್ಲೆಮಿಂಗೊ ಕ್ಲಬ್. ಲಂಡನ್ನಿನ ಸೋಹೊದಲ್ಲಿ, ವಾರ್ಡರ್ ಬೀದಿಯ 33-37ನೇ ನಂಬರಿನ ಕಟ್ಟಡದ ನೆಲಮಾಳಿಗೆ. ಜೆಫ್ರಿ ಕ್ರೂಗರ್ 1952ರಲ್ಲಿ ಜಾಝ್‌ಗಾಗಿ ಬೇರೆಡೆ ಆರಂಭಿಸಿದ್ದ ಕ್ಲಬ್ 1957ರಲ್ಲಿ ಈ ಬೀದಿಗೆ ಬಂತು. ವಾರಾಂತ್ಯದ ‘ಆಲ್‌ನೈಟರ್’ ಕಛೇರಿಗಳನ್ನು ರಿಕ್ ಗನೆಲ್ ನಡೆಸುತ್ತಿದ್ದರು. ಮಧ್ಯರಾತ್ರಿಗೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಕಛೇರಿ! ನಿಮ್ಮ ಶ್ರೋತೃಗಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಮುಂದೆ ಕುಳಿತವರಿಗೆ, ಮೂರು ಗಂಟೆಯ ಹೊತ್ತಿಗೆ ಜನರನ್ನು ಹಿಡಿದಿಡಲು ಏನು ಬೇಕು ಎಂಬುದು ಗೊತ್ತು.

ಯಾರು ಬರುತ್ತಿದ್ದರು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಿ. ಇಂಗ್ಲೆಂಡಿನ ನೆಲೆಗಳಲ್ಲಿದ್ದ ಅಮೆರಿಕದ ಕಪ್ಪು ಸೈನಿಕರು ವಾರಾಂತ್ಯದ ರಜೆಯಲ್ಲಿ ಲಂಡನ್ನಿಗೆ ಬಂದರೆ ಅವರ ಮೆಚ್ಚಿನ ತಾಣ ಇದೇ. ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ್ದವರು ಬರುತ್ತಿದ್ದರು. ಉಡುಪಿನ ಬಗ್ಗೆ ಬಹಳ ಕಾಳಜಿಯಿದ್ದ, ‘ಮಾಡ್’ ಎಂದು ಕರೆಸಿಕೊಂಡ ಲಂಡನ್ನಿನ ಬಿಳಿಯ ಹುಡುಗ ಹುಡುಗಿಯರು ಬರುತ್ತಿದ್ದರು. ಊರಿನ ಎಷ್ಟೋ ಮನೆಗಳು ಕಪ್ಪು ಜನರಿಗೆ ಬಾಡಿಗೆಗೆ ಸಿಗದಿದ್ದ ಕಾಲ ಅದು. ಅಂಥ ಕಾಲದಲ್ಲಿ ಈ ಮೂರೂ ಬಗೆಯ ಜನ ಒಂದೇ ನೆಲಮಾಳಿಗೆಯಲ್ಲಿ ಬೆವರುತ್ತಾ ಕುಣಿದರು. ಈ ಮಾತಿಗೆ ಬಂದಾಗಲೆಲ್ಲ ನನ್ನ ದನಿ ಏರುತ್ತದೆ. ಏರಬೇಕಾದದ್ದೇ.

ತಂಡದ ಹಿನ್ನೆಲೆಗೆ ಐದು ನಿಮಿಷ ಸಾಕು. ಜಾರ್ಜಿ ಫೇಮ್ ಅವರ ನಿಜವಾದ ಹೆಸರು ಕ್ಲೈವ್ ಪೊವೆಲ್. ಹುಟ್ಟಿದ್ದು 1943ರಲ್ಲಿ, ಲ್ಯಾಂಕಶೈರಿನ ಲೀ ಎಂಬ ಊರಿನಲ್ಲಿ. ಶಾಲೆ ಬಿಟ್ಟು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗ. ಪಿಯಾನೊ ನುಡಿಸುತ್ತಾ ಲಂಡನ್ನಿಗೆ ಬಂದಾಗ, ಲ್ಯಾರಿ ಪಾರ್ನ್ಸ್ ಎಂಬ ಕಾರ್ಯಕ್ರಮ ವ್ಯವಸ್ಥಾಪಕರು ತಮ್ಮ ಬಳಿಯಿದ್ದ ಗಾಯಕರಿಗೆಲ್ಲ ಹೊಸ ಹೆಸರಿಡುವ ಪದ್ಧತಿಯಂತೆ ಈತನಿಗೂ ಒಂದು ಹೆಸರಿಟ್ಟರು. ಬ್ಲೂ ಫ್ಲೇಮ್ಸ್ ಆಗ ಬಿಲ್ಲಿ ಫ್ಯೂರಿ ಎಂಬ ಜನಪ್ರಿಯ ಗಾಯಕನಿಗೆ ಪಕ್ಕವಾದ್ಯದ ತಂಡ. 1961ರ ಕೊನೆಗೆ ಫ್ಯೂರಿ ಅವರನ್ನು ಕೈಬಿಟ್ಟರು. ಕೆಲಸ ಕಳೆದುಕೊಂಡ ಆ ತಂಡವೇ ಮರುವರ್ಷ ಫ್ಲೆಮಿಂಗೊದ ಖಾಯಂ ತಂಡವಾಯಿತು, ಫೇಮ್ ಅದರ ಹಾಡುಗಾರ ಮತ್ತು ನಾಯಕ.

ಮೊದಲು ಕೇಳಿಸಬೇಕಾದದ್ದು ‘ರಿದಮ್ ಅಂಡ್ ಬ್ಲೂಸ್ ಅಟ್ ದಿ ಫ್ಲೆಮಿಂಗೊ’ ಎಂಬ ಎಲ್‌ಪಿ, ಅಂದರೆ ಹಲವು ಹಾಡುಗಳಿರುವ ಗ್ರಾಮಫೋನ್ ತಟ್ಟೆ. 1963ರ ಸೆಪ್ಟೆಂಬರಿನಲ್ಲಿ ಕ್ಲಬ್ಬಿನಲ್ಲೇ ಧ್ವನಿಮುದ್ರಿಸಿದ್ದು, 1964ರಲ್ಲಿ ಹೊರಬಂತು. ಅದರಲ್ಲಿರುವ ಹಾಡುಗಳನ್ನು ನೋಡಿ: ಮೋಸ್ ಆಲಿಸನ್ ಅವರ ಜಾಝ್ ಬ್ಲೂಸ್ ಇದೆ, ಅಮೆರಿಕದ ಮೋಟೌನ್ ಕಂಪನಿಯ ಹಾಡಿದೆ, ಮೆಂಫಿಸಿನ ರೂಫಸ್ ಥಾಮಸ್ ಅವರ ಕುಣಿತದ ಹಾಡಿದೆ, ಜಮೈಕಾದ ‘ಹಂಪ್ಟಿ ಡಂಪ್ಟಿ’ ಇದೆ, ಬ್ರೆಜಿಲ್ ಶೈಲಿಯ ಬೋಸಾ ನೋವಾ ಕೂಡ ಇದೆ. ಸುಮ್ಮನೆ ಓದಿದರೆ ಕಲಸುಮೇಲೋಗರ ಎನಿಸಬಹುದು. ಕೋಣೆಯಲ್ಲಿ ಯಾರಿದ್ದರು ಎಂದು ಮೊದಲೇ ಹೇಳಿದ್ದರೆ, ಒಂದೊಂದು ಹಾಡೂ ಯಾರಿಗಾಗಿ ಎಂಬುದು ಶ್ರೋತೃಗಳಿಗೆ ತಾವಾಗಿಯೇ ಹೊಳೆಯುತ್ತದೆ. ಹಾಡಿನ ನಡುವೆ ಕೇಳುವ ಜನರ ಕೂಗು, ಆರಂಭದಲ್ಲಿ ತಂಡವನ್ನು ಪರಿಚಯಿಸುವ ದನಿ, ಯಾವುದನ್ನೂ ಕತ್ತರಿಸಬೇಡಿ. ಹಾಡಿನ ಬಗ್ಗೆ ಮಾತನಾಡುವ ಮೊದಲೇ ಇಡೀ ಹಾಡನ್ನು ಒಮ್ಮೆ ಕೇಳಿಸಿಬಿಡಿ. ನಡುನಡುವೆ ನಿಲ್ಲಿಸಿ ವಿವರಿಸಿದರೆ ಲಯ ಸತ್ತುಹೋಗುತ್ತದೆ, ಜನ ಮೊಬೈಲ್ ತೆಗೆಯುತ್ತಾರೆ.

ಕೀಬೋರ್ಡ್ ನುಡಿಸುವವರೊಬ್ಬರು, ಬೆಂಗಳೂರು

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಆ ಕೋಣೆಯ ದನಿಗೆ ಕಾರಣವಾದ ವಾದ್ಯವೊಂದಿದೆ. ಅದಕ್ಕೆ ಕನಿಷ್ಠ ಹತ್ತು ನಿಮಿಷ ಕೊಡಲೇಬೇಕು.

ಫೇಮ್ ಮೊದಲು ಪಿಯಾನೊ ನುಡಿಸುತ್ತಿದ್ದರು. ಫ್ಲೆಮಿಂಗೊಗೆ ಬರುತ್ತಿದ್ದ ಅಮೆರಿಕದ ಸೈನಿಕರು ತಮ್ಮೊಂದಿಗೆ ಹೊಸ ಗ್ರಾಮಫೋನ್ ತಟ್ಟೆಗಳನ್ನು ತರುತ್ತಿದ್ದರು. ಅವರಲ್ಲೊಬ್ಬರು ಬೂಕರ್ ಟಿ ಅಂಡ್ ದಿ ಎಂಜೀಸ್ ತಂಡದ ‘ಗ್ರೀನ್ ಆನಿಯನ್ಸ್’ ಕೊಟ್ಟರು. ಅದನ್ನು ಕೇಳಿದ ಮರುದಿನವೇ ಹ್ಯಾಮಂಡ್ ಆರ್ಗನ್ (ವಿದ್ಯುತ್ತಿನಿಂದ ನಡೆಯುವ ಕೀಬೋರ್ಡ್ ವಾದ್ಯ) ಕೊಂಡೆ ಎಂದು ಫೇಮ್ ಹೇಳಿಕೊಂಡಿದ್ದಾರೆ. ಅದು 1962ರ ಕೊನೆಯ ಭಾಗ. ಲಂಡನ್ನಿನ ಕ್ಲಬ್ಬುಗಳಲ್ಲಿ ಹ್ಯಾಮಂಡ್ ಆಗ ಅಪರೂಪದ ವಸ್ತು.

ಇಲ್ಲಿ ಗಮನಿಸಬೇಕಾದ್ದು, ರೇಡಿಯೊದಲ್ಲಿ ಈ ಸಂಗೀತ ಸಿಗುತ್ತಲೇ ಇರಲಿಲ್ಲ. ಬಿಬಿಸಿ ದಿನಕ್ಕೆ ಇಷ್ಟೇ ಹೊತ್ತು ತಟ್ಟೆ ಹಾಕಬಹುದು ಎಂಬ ಒಪ್ಪಂದವಿದ್ದ ಕಾಲವದು. ಹಾಗಾಗಿ ಸೈನಿಕನ ಕೈಚೀಲದಲ್ಲಿ ಬಂದ ಒಂದು ತಟ್ಟೆಗೆ ಅಷ್ಟು ಬೆಲೆ.

ಹ್ಯಾಮಂಡ್ ಕೆಲಸ ಮಾಡುವ ಬಗೆಯನ್ನು ಹೀಗೆ ಹೇಳಬಹುದು. ಒಳಗೆ ಹಲ್ಲುಗಳಿರುವ ಪುಟ್ಟ ಲೋಹದ ಚಕ್ರಗಳು ಮೋಟಾರಿನಿಂದ ಸದಾ ತಿರುಗುತ್ತಿರುತ್ತವೆ. ಪ್ರತಿ ಚಕ್ರದ ಎದುರು ತಂತಿ ಸುತ್ತಿದ ಆಯಸ್ಕಾಂತ. ಹಲ್ಲು ಹತ್ತಿರ ಬಂದು ದೂರ ಸರಿದಂತೆ ತಂತಿಯಲ್ಲಿ ವಿದ್ಯುತ್ತು ಅಲೆಯಾಗಿ ಏಳುತ್ತದೆ, ಅದೇ ಸ್ವರ. ಕೀಬೋರ್ಡಿನ ಮನೆ ಒತ್ತಿದಾಗ ಆ ಸ್ವರಕ್ಕೆ ಬಾಗಿಲು ತೆರೆಯುತ್ತದೆ. ಮೇಲಿರುವ ಒಂಬತ್ತು ಎಳೆಪಟ್ಟಿಗಳನ್ನು ಹೊರಗೆಳೆದು ಒಳಗೆ ತಳ್ಳಿ ಮೂಲಸ್ವರಕ್ಕೆ ಅದರ ಉಪಸ್ವರಗಳನ್ನು ಎಷ್ಟು ಬೇಕೋ ಅಷ್ಟು ಬೆರೆಸಬಹುದು. ತಂಬೂರಿಯ ಒಂದೇ ತಂತಿಯಲ್ಲಿ ಗಾಂಧಾರ ಕೇಳಿಸಿಕೊಂಡ ಕಿವಿಗಳಿಗೆ ಉಪಸ್ವರ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ: ಪಿಯಾನೊದಂತೆ ಇಲ್ಲಿ ಬಲವಾಗಿ ಒತ್ತಿದರೆ ದನಿ ಜೋರಾಗುವುದಿಲ್ಲ. ಏರಿಳಿತವೆಲ್ಲ ಬಲಗಾಲಿನ ಪೆಡಲಿನಲ್ಲಿ. ಆದ್ದರಿಂದ ಒತ್ತುವ ರಭಸಕ್ಕಿಂತ ಯಾವ ಕ್ಷಣದಲ್ಲಿ ಒತ್ತಿ ಯಾವ ಕ್ಷಣದಲ್ಲಿ ಬಿಡುತ್ತೇವೆ ಎಂಬುದೇ ಮುಖ್ಯವಾಗುತ್ತದೆ. ಫೇಮ್ ಎಡೆ ಬಿಟ್ಟು ನುಡಿಸುವ ರೀತಿಯನ್ನು ಕೇಳಿ. ಕಾಂಗಾ (ಕೈಯಿಂದ ಬಡಿಯುವ ಉದ್ದನೆಯ ಚರ್ಮವಾದ್ಯ), ಡ್ರಮ್ಸ್, ಸ್ಯಾಕ್ಸೊಫೋನ್‌ಗಳ ನಡುವೆ ಎಲ್ಲಿ ಜಾಗವಿದೆಯೋ ಅಲ್ಲಿಗೆ ಮಾತ್ರ ಆರ್ಗನ್ ಕಾಲಿಡುತ್ತದೆ. ಹಾಡುತ್ತಲೇ ಅದನ್ನು ಮಾಡುವುದು ಸುಲಭವಲ್ಲ. ನಾನು ದಿನವೂ ಕೀಬೋರ್ಡ್ ಮುಂದೆ ಕೂರುವವನು, ಆ ಸಂಯಮ ಕಂಡರೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ.

ಸಾಧ್ಯವಾದರೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿಸಬೇಡಿ. ಹ್ಯಾಮಂಡ್‌ನ ಕೆಳಸ್ಥಾಯಿ ಅದರಲ್ಲಿ ಪೂರ್ತಿ ಮಾಯವಾಗುತ್ತದೆ. ದೇವಸ್ಥಾನದ ಭಜನೆಗೆ ಬಾಡಿಗೆಗೆ ಸಿಗುವ ಸಾಧಾರಣ ಸ್ಪೀಕರ್ ಆದರೂ ಅದಕ್ಕಿಂತ ಎಷ್ಟೋ ಮೇಲು.

ಲಂಡನ್ನಿನಲ್ಲಿ ನೆಲೆಸಿರುವ ಶಿವಮೊಗ್ಗದವರೊಬ್ಬರು

ಆ ಬೀದಿಯಲ್ಲಿ ನಾನು ಆಗಾಗ ಓಡಾಡುತ್ತೇನೆ. ಫ್ಲೆಮಿಂಗೊ ಇದ್ದ ಕಟ್ಟಡ ಈಗ ಚೈನಾಟೌನಿನ ಅಂಚಿನಲ್ಲಿದೆ. ಅದೇ ಕಟ್ಟಡದಲ್ಲಿ 1980ರ ದಶಕದಲ್ಲಿ ವ್ಯಾಗ್ ಕ್ಲಬ್ ಇತ್ತು, ಆಮೇಲೆ ಐರಿಷ್ ಪಬ್ ಬಂತು. ಒಂದು ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿ ಎಂದು ಸೂಚಿಸುತ್ತೇನೆ, ಏಕೆಂದರೆ ದೂರಗಳು ತೀರಾ ಚಿಕ್ಕವು. ರಾನಿ ಸ್ಕಾಟ್ ಅವರ ಮೊದಲ ಜಾಝ್ ಕ್ಲಬ್ ಪಕ್ಕದ ಜೆರಾರ್ಡ್ ಬೀದಿಯಲ್ಲಿ 1959ರಲ್ಲಿ ಶುರುವಾದದ್ದು. ಮಾರ್ಕೀ ಕ್ಲಬ್ ಆಕ್ಸ್‌ಫರ್ಡ್ ಬೀದಿಯಿಂದ 1964ರ ಮಾರ್ಚಿನಲ್ಲಿ ಇದೇ ವಾರ್ಡರ್ ಬೀದಿಯ 90ನೇ ನಂಬರಿಗೆ ಬಂತು. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಜಾಝ್ ನುಡಿಸುವವರು ತಮ್ಮ ಕಛೇರಿ ಮುಗಿಸಿ ಬಂದು ಬ್ಲೂಸ್ ತಂಡದ ಜೊತೆ ಕೂತು ನುಡಿಸುವುದು ಸಾಧ್ಯವಾದದ್ದು ಇದರಿಂದಲೇ.

ಫ್ಲೆಮಿಂಗೊದಲ್ಲಿ ಮದ್ಯ ಮಾರುವ ಪರವಾನಗಿ ಇರಲಿಲ್ಲ. ಕಳ್ಳತನದಿಂದ ತಂಪು ಪಾನೀಯದಲ್ಲಿ ಬೆರೆತು ಬರುತ್ತಿತ್ತು ಎಂಬುದು ಬೇರೆ ಮಾತು. ಕ್ಲಬ್ಬಿನ ಇನ್ನೊಂದು ಮುಖವನ್ನೂ ಮುಚ್ಚಿಡಬೇಡಿ. 1962ರ ಅಕ್ಟೋಬರಿನಲ್ಲಿ ಅಲ್ಲಿ ಜಾನಿ ಎಜ್‌ಕೋಂಬ್ ಮತ್ತು ಲಕ್ಕಿ ಗಾರ್ಡನ್ ಎಂಬ ಇಬ್ಬರ ನಡುವೆ ಕ್ರಿಸ್ಟೀನ್ ಕೀಲರ್ ಎಂಬ ರೂಪದರ್ಶಿಯ ವಿಷಯಕ್ಕೆ ಚಾಕುವಿನ ಜಗಳ ನಡೆಯಿತು. ಅದರ ಎಳೆ ಹಿಡಿದು ಕೀಲರ್ ಜೊತೆ ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ ಅವರಿಗಿದ್ದ ಸಂಬಂಧ ಹೊರಬಂತು, ಆ ಪ್ರಕರಣ 1963ರ ಜೂನಿನಲ್ಲಿ ಅವರ ರಾಜೀನಾಮೆಯಲ್ಲಿ ಮುಗಿಯಿತು. ಹೊಡೆದಾಟಗಳ ಕಾರಣಕ್ಕೆ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಕ್ಲಬ್ಬನ್ನು ನಿಷೇಧಿಸಿತು. ಆ ಎಲ್‌ಪಿ ಧ್ವನಿಮುದ್ರಣವಾದ ವರ್ಷವೇ ಕೋಣೆಯ ಜನ ಬದಲಾಗುತ್ತಿದ್ದರು ಎನ್ನುವುದನ್ನು ಸೇರಿಸಿ ಹೇಳಿ.

ಹಳೆಯ ತಟ್ಟೆಗಳನ್ನು ಕೂಡಿಡುವವರೊಬ್ಬರು, ಹುಬ್ಬಳ್ಳಿ

ಎಲ್ಲರೂ ಕೋಣೆಯ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಇಲ್ಲೊಂದು ತಕರಾರಿದೆ. ತಂಡ ಊರಿಗೆಲ್ಲ ತಿಳಿದದ್ದು ‘ಯೇ ಯೇ’ ಹಾಡಿನಿಂದ. ಅದನ್ನು ಹಿಂದಕ್ಕೆ ತಳ್ಳಬೇಡಿ. 1965ರ ಜನವರಿಯಲ್ಲಿ ಬೀಟಲ್ಸ್ ಹಾಡನ್ನು ಕೆಳಗಿಳಿಸಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಬಂದ ಹಾಡದು. ಹುಟ್ಟಿದ್ದು ಕ್ಯೂಬಾದ ತಾಳವಾದ್ಯಗಾರ ಮೋಂಗೊ ಸಾಂಟಮರಿಯಾ ಅವರ ತಂಡದ ವಾದ್ಯಸಂಗೀತವಾಗಿ. ಅಮೆರಿಕದ ಜಾಝ್ ಗಾಯಕ ಜಾನ್ ಹೆಂಡ್ರಿಕ್ಸ್ ಅದಕ್ಕೆ ಸಾಹಿತ್ಯ ಕೂಡಿಸಿದರು. ಅದನ್ನು ಜಾಝ್ ಎನ್ನಬೇಕೋ, ಲ್ಯಾಟಿನ್ ಎನ್ನಬೇಕೋ, ಪಾಪ್ ಎನ್ನಬೇಕೋ ತಿಳಿಯದು. ರಾತ್ರಿಯಿಡೀ ನುಡಿಸಿ ಪಳಗಿದ ತಂಡಕ್ಕಲ್ಲದೆ ಬೇರೆಯವರಿಗೆ ಆ ಹಾಡು ಅಷ್ಟು ಹಗುರವಾಗಿ ಒದಗುತ್ತಿರಲಿಲ್ಲ. ಗಂಟೆಯ ನಡುಭಾಗದಲ್ಲಿ ಅದನ್ನಿಡಿ, ಶ್ರೋತೃಗಳು ಕಾಲಲ್ಲಿ ತಾಳ ಹಾಕದಿದ್ದರೆ ಹೇಳಿ.

ರೇಡಿಯೊ ಬಗ್ಗೆ ಇನ್ನೊಂದು ಮಾತು. ರೋನನ್ ಒರಾಹಿಲಿ ಎಂಬ ಐರಿಷ್ ಯುವಕ ಫೇಮ್ ಅವರ ತಟ್ಟೆಯನ್ನು ಹಿಡಿದು ಬಾನುಲಿ ಕೇಂದ್ರಗಳ ಬಾಗಿಲು ತಟ್ಟಿ, ಯಾರೂ ಹಾಕದಿದ್ದಾಗ ಹಡಗಿನಿಂದಲೇ ಪ್ರಸಾರ ಮಾಡುವ ರೇಡಿಯೊ ಕ್ಯಾರೊಲಿನ್ ಶುರು ಮಾಡಿದೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಆ ಹಡಗು ಪ್ರಸಾರ ಆರಂಭಿಸಿದ್ದು 1964ರ ಈಸ್ಟರ್ ಹೊತ್ತಿಗೆ. ಇದು ಸಭೆಯಲ್ಲಿ ಬಹಳ ಚೆನ್ನಾಗಿ ಕೂರುವ ಕಥೆ.

ಮತ್ತೆ ಮೈಸೂರಿನವರು

ಹುಬ್ಬಳ್ಳಿಯವರ ತಕರಾರು ನ್ಯಾಯವಾದದ್ದು. ಆ ಹಾಡನ್ನು ಫ್ಲೆಮಿಂಗೊದ ಧ್ವನಿಮುದ್ರಣದ ನಂತರವೇ ಇಡಿ, ಎರಡರಲ್ಲೂ ಇರುವುದು ಅದೇ ಕೋಣೆಯ ಕಿವಿ ಎಂಬುದು ಕಾಣುತ್ತದೆ.

ಸೇರಿದವರ, ಬಿಟ್ಟವರ ಪಟ್ಟಿ ಭಾರವಾಗುತ್ತಿದೆ ಎಂದಿರಿ. ಎಲ್ಲರ ಹೆಸರನ್ನೂ ಹೇಳಬೇಕಾಗಿಲ್ಲ. ನಾಲ್ವರನ್ನು ಆರಿಸಿ, ಅವರು ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂದು ಹೇಳಿ. ಕಾಂಗಾ ನುಡಿಸಿದ ಸ್ಪೀಡಿ ಅಕ್ವಾಯೆ ಘಾನಾದವರು. ಕಹಳೆಯ ಎಡ್ಡಿ ‘ಟ್ಯಾನ್ ಟ್ಯಾನ್’ ಥಾರ್ನ್‌ಟನ್ ಜಮೈಕಾದವರು, ಕಿಂಗ್‌ಸ್ಟನ್ನಿನ ಆಲ್ಫಾ ಬಾಲಕರ ಶಾಲೆಯಲ್ಲಿ ಕಲಿತವರು. ಬೀಟಲ್ಸ್ 1966ರಲ್ಲಿ ‘ಗಾಟ್ ಟು ಗೆಟ್ ಯೂ ಇಂಟು ಮೈ ಲೈಫ್’ ಧ್ವನಿಮುದ್ರಿಸುವಾಗ ಕಹಳೆಗೆ ಕರೆದವರಲ್ಲಿ ಇವರೊಬ್ಬರು. ಡ್ರಮ್ಸ್ ನುಡಿಸಿದ ಮಿಚ್ ಮಿಚೆಲ್, 1966ರಲ್ಲಿ ಫೇಮ್ ತಂಡವನ್ನು ವಿಸರ್ಜಿಸಿದ ಕೆಲವೇ ದಿನಗಳಲ್ಲಿ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ಹೊಸ ತಂಡ ಸೇರಿದರು. ಅವರ ಡ್ರಮ್ಸಿನಲ್ಲಿರುವ ಜಾಝ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರದ ಒಂದು ಪಾಲು ಇಲ್ಲೇ ಇದೆ.

ನಾಲ್ಕನೆಯವರು ನಿಮ್ಮ ಶ್ರೋತೃಗಳಿಗಾಗಿಯೇ ಇದ್ದಂತಿದ್ದಾರೆ: ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. ಯಾರ್ಕ್‌ಶೈರಿನಿಂದ ಬಂದ ಈ ಹುಡುಗ 1960ರ ದಶಕದ ಆರಂಭದಲ್ಲಿ ಬ್ಲೂ ಫ್ಲೇಮ್ಸ್ ಜೊತೆ ನುಡಿಸಿ, 1963ರಲ್ಲಿ ಗ್ರಹಾಂ ಬಾಂಡ್ ತಂಡಕ್ಕೆ ಹೋದರು. ಮುಂದೆ ಅಮೆರಿಕದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತು, 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ ‘ಶಕ್ತಿ’ ಕಟ್ಟಿದರು. ನಿಮ್ಮ ಬಳಗದಲ್ಲಿ ‘ಶಕ್ತಿ’ಯ ಹೆಸರು ಕೇಳದವರು ವಿರಳ. ಘಟಂ ಜೊತೆ ಸವಾಲು ಜವಾಬು ನಡೆಸಿದ ಆ ಗಿಟಾರ್ ಒಂದು ಕಾಲಕ್ಕೆ ಬ್ಲೂ ಫ್ಲೇಮ್ಸ್‌ನ ಗಿಟಾರ್ ಆಗಿತ್ತು ಎಂದರೆ ಸಭೆ ತಲೆ ಎತ್ತಿ ಕೂರುತ್ತದೆ. ಆದರೆ ಬ್ಲೂ ಫ್ಲೇಮ್ಸ್ ಸಂಗೀತದಲ್ಲೇ ಭಾರತದ ಛಾಯೆ ಇತ್ತೆಂದು ಮಾತ್ರ ಹೇಳಬೇಡಿ, ಇರಲಿಲ್ಲ.

1966ರ ನಂತರದ್ದನ್ನು, ಅಂದರೆ ಫೇಮ್ ಒಬ್ಬರೇ ಹಾಡಿ 1968ರ ಜನವರಿಯಲ್ಲಿ ಮತ್ತೆ ಮೊದಲ ಸ್ಥಾನ ಪಡೆದದ್ದು, ಗಾಯಕ ವ್ಯಾನ್ ಮಾರಿಸನ್ ಜೊತೆ ಬಹಳ ವರ್ಷ ನುಡಿಸಿದ್ದು ಇತ್ಯಾದಿಯನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿ. ಉಳಿದ ಸಮಯವನ್ನು ಎಲ್‌ಪಿಯ ಇನ್ನೊಂದು ಹಾಡಿಗೆ ಕೊಡಿ. ‘ಪಾರ್ಚ್‌ಮನ್ ಫಾರ್ಮ್’ ಇರಲಿ ಎಂದು ನನ್ನ ಆಸೆ. ಧ್ವನಿವರ್ಧಕದ ವ್ಯವಸ್ಥೆ ಏನಿದೆ, ಸಭೆ ಎಷ್ಟು ದೊಡ್ಡದು ಎಂದು ತಿಳಿಸಿದರೆ ಹಾಡುಗಳ ಕ್ರಮವನ್ನು ಕೂತು ಜೋಡಿಸಿಕೊಡುತ್ತೇನೆ.